ಎಂಟು ಚುಕ್ಕಿ, ಎಂಟು ಸಾಲು!

ಮಗು ಮೊದಲ ಹೆಜ್ಜೆ ಇಡುತ್ತಿದೆ. ಫೋನ್ ಎತ್ತಿ ಒಂದು ನಿಮಿಷ ವಿಡಿಯೊ ಮಾಡಿದಿರಿ. ಫುಲ್ ಎಚ್‌ಡಿ, ಸೆಕೆಂಡಿಗೆ 30 ಚಿತ್ರ. ಕ್ಯಾಮೆರಾ ಕಂಡದ್ದನ್ನೆಲ್ಲ ಹಾಗೇ ಬರೆದಿಟ್ಟರೆ ಎಷ್ಟು ಜಾಗ ಬೇಕು? ಊಹಿಸಿ ನೋಡೋಣ!

ಒಂದೊಂದು ಚಿತ್ರದಲ್ಲೂ 20 ಲಕ್ಷಕ್ಕೂ ಹೆಚ್ಚು ಚುಕ್ಕಿ. ಒಂದೊಂದು ಚುಕ್ಕಿಗೂ ಬಣ್ಣದ ಮೂರು ಅಂಕಿ. ನಿಮಿಷಕ್ಕೆ 1,800 ಚಿತ್ರ. ಒಟ್ಟು?

11 ಜಿಬಿ! 128 ಜಿಬಿಯ ಫೋನು ಹನ್ನೆರಡು ನಿಮಿಷಕ್ಕೇ ಭರ್ತಿ!

ಆದರೆ ಆ ವಿಡಿಯೊ ನಿಮ್ಮ ಫೋನಿನಲ್ಲಿ ಹಿಡಿಯುವುದು ನೂರು ಚಿಲ್ಲರೆ ಎಂಬಿ ಅಷ್ಟೇ. ಉಳಿದದ್ದೆಲ್ಲ ಎಲ್ಲಿ ಹೋಯಿತು?

ಹಿಂದಿನ ಗೋಡೆ ಅಲುಗಲಿಲ್ಲ ತಾನೆ? ಮತ್ತೆ ಮತ್ತೆ ಬರೆಯುವುದೇಕೆ! ಮಗು ಎಷ್ಟು ಸರಿಯಿತೆಂದು ಗುರುತಿಟ್ಟುಕೊಂಡರೆ ಸಾಕು. ಇದು ಒಂದು ಕೈಚಳಕ.

ಇನ್ನೊಂದನ್ನು ಕೇಳಿ, ಮೈ ಜುಮ್ಮೆನ್ನುತ್ತದೆ! ಚಿತ್ರವನ್ನು ರಂಗೋಲಿಯಂತೆ ಎಂಟು ಚುಕ್ಕಿ, ಎಂಟು ಸಾಲಿನ ಚೌಕಗಳಾಗಿ ಒಡೆಯಿರಿ. ಚೌಕಕ್ಕೆ 64 ಚುಕ್ಕಿ. ಆ 64 ಚುಕ್ಕಿಗಳನ್ನು 64 ಅಲೆಗಳಾಗಿ ಬದಲಿಸಿ. ಯಾವ ಅಲೆ? ಹೈಸ್ಕೂಲಿನಲ್ಲಿ ಕಲಿತ ಅದೇ ಕಾಸ್ ಥೀಟಾ!

ಈಗ ನೋಡಿ ಚಮತ್ಕಾರ. ಚಿತ್ರದ ಸಾರವೆಲ್ಲ ಬೆರಳೆಣಿಕೆಯ ಅಲೆಗಳಲ್ಲೇ ಬಂದು ಕೂತಿರುತ್ತದೆ! ಉಳಿದವು ಹೆಚ್ಚೂಕಡಿಮೆ ಸೊನ್ನೆ. ಬಿಟ್ಟುಬಿಡಿ. ಕಣ್ಣಿಗೆ ಗೊತ್ತೇ ಆಗುವುದಿಲ್ಲ!

ಇದರ ಹೆಸರು ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್. ಇದು ಹೊಳೆದದ್ದು ಯಾರಿಗೆ? ಅವರು ಹುಟ್ಟಿದ ಊರು ಯಾವುದು, ಹೇಳಿ?

ಬೆಂಗಳೂರು! ಹೌದು, ನಮ್ಮ ಬೆಂಗಳೂರು! ನಾಸಿರ್ ಅಹ್ಮದ್, 1940ರಲ್ಲಿ ಹುಟ್ಟಿದವರು, ಯುವಿಸಿಇಯಲ್ಲಿ ಎಂಜಿನಿಯರಿಂಗ್ ಓದಿದವರು!

1972ರಲ್ಲಿ ಅಮೆರಿಕದ ಕಾನ್ಸಾಸ್‌ನಲ್ಲಿ ಮೇಷ್ಟರಾಗಿದ್ದ ಅವರು ಈ ಸಂಶೋಧನೆಗೆ ಹಣ ಕೇಳಿ ನ್ಯಾಷನಲ್ ಸೈನ್ಸ್ ಫೌಂಡೇಶನ್ನಿಗೆ ಬರೆದರು. ಸಿಗಲಿಲ್ಲ. ಕಾರಣ? ವಿಚಾರ ತೀರಾ ಸರಳವಂತೆ!

ಅವರು ಕೈಬಿಟ್ಟರೇ? ಇಲ್ಲ! ಟಿ. ನಟರಾಜನ್, ಕೆ. ಆರ್. ರಾವ್ ಜೊತೆಗೂಡಿದರು. 1974ರ ಜನವರಿಯಲ್ಲಿ ಲೇಖನ ಅಚ್ಚಾಯಿತು. ಎಷ್ಟು ಪುಟ ಗೊತ್ತೇ? ನಾಲ್ಕೇ ನಾಲ್ಕು!

ವಿಡಿಯೊ ಕುಗ್ಗಿಸುವ ಯಾವ ಯಾವ ಮಾನದಂಡಗಳನ್ನು ಆ ನಾಲ್ಕು ಪುಟ ಹೊಕ್ಕಿತು ನೋಡಿ! 1988ರ ಎಚ್.261. ವಿಸಿಡಿಯ ಎಂಪೆಗ್-1. ಡಿವಿಡಿಯ ಎಂಪೆಗ್-2. 2003ರ ಎಚ್.264. 2013ರ ಎಚ್‌ಇವಿಸಿ. ಎಲ್ಲದರ ಹೊಟ್ಟೆಯಲ್ಲೂ ಅದೇ ಲೆಕ್ಕ, ಇಲ್ಲವೇ ಅದರ ಮರಿ!

ಇವತ್ತು ರಾತ್ರಿ ಆ ವಿಡಿಯೊ ಊರಿನ ಅಜ್ಜಿಗೆ ಕಳಿಸುತ್ತೀರಲ್ಲ? ಮಗುವಿನ ಪುಟ್ಟ ಹೆಜ್ಜೆ ಅಲ್ಲಿಗೆ ಹೋಗುವುದು ಆ 'ತೀರಾ ಸರಳ' ಅಲೆಗಳನ್ನೇರಿ!