ಆಶಾ ಅಕ್ಕನಿಗೂ ಒಂದು ಕುರ್ಚಿ

2020ರ ಏಪ್ರಿಲ್ 19ರ ರಾತ್ರಿ ಬೆಂಗಳೂರಿನ ಪಾದರಾಯನಪುರದಲ್ಲಿ, ಕೊರೊನಾ ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಕ್ವಾರಂಟೈನ್‌ಗೆ ಕರೆದೊಯ್ಯಲು ಹೋಗಿದ್ದ ಆರೋಗ್ಯ ಸಿಬ್ಬಂದಿ ಮತ್ತು ಪೊಲೀಸರ ಮೇಲೆ ಗುಂಪೊಂದು ತಿರುಗಿಬಿತ್ತು. ನೂರಕ್ಕೂ ಹೆಚ್ಚು ಜನರನ್ನು ಬಂಧಿಸಲಾಯಿತು. ಅವರನ್ನು ತಂದು ಇರಿಸಿದ್ದು ರಾಮನಗರದ ಜೈಲಿನಲ್ಲಿ. ಅಲ್ಲಿಯವರೆಗೆ ರಾಮನಗರ ಸೋಂಕಿಲ್ಲದ, ಹಸಿರು ವಲಯದಲ್ಲಿದ್ದ ಜಿಲ್ಲೆ. ಹೊರಗಿನಿಂದ ಸೋಂಕು ತಂದು ಹಾಕಬೇಡಿ ಎಂದು ಆಗ ಚನ್ನಪಟ್ಟಣದ ಶಾಸಕರಾಗಿದ್ದ ಎಚ್.ಡಿ. ಕುಮಾರಸ್ವಾಮಿ ವಿರೋಧಿಸಿದರು. ಕೆಲವೇ ದಿನಗಳಲ್ಲಿ ಬಂಧಿತರಲ್ಲಿ ಕೆಲವರಿಗೆ ಸೋಂಕು ದೃಢಪಟ್ಟಿತು. ಕೊನೆಗೆ ಎಲ್ಲರನ್ನೂ ಬೆಂಗಳೂರಿನ ಹಜ್ ಭವನಕ್ಕೆ ಸಾಗಿಸಿದರು.

ಸಿಬ್ಬಂದಿಯ ಮೇಲೆ ಏರಿಹೋದವರನ್ನು ಸಮರ್ಥಿಸುವ ಪ್ರಶ್ನೆಯೇ ಇಲ್ಲ. ಆದರೆ ಆ ವಾರ ಪಾದರಾಯನಪುರದ ಗಲ್ಲಿಗೂ ರಾಮನಗರದ ಪೇಟೆಗೂ ಇದ್ದ ದೂರು ಒಂದೇ ಆಗಿತ್ತು: ನಮ್ಮ ಬಗ್ಗೆ ಯಾರೋ ಎಲ್ಲೋ ಕೂತು ತೀರ್ಮಾನ ಮಾಡಿದರು, ನಮ್ಮವರು ಯಾರೂ ಅಲ್ಲಿರಲಿಲ್ಲ. ಒಂದು ಕಡೆ ಅದು ಗಲಭೆಯಾಯಿತು, ಇನ್ನೊಂದು ಕಡೆ ರಾಜಕೀಯ ಹೇಳಿಕೆಯಾಯಿತು. ಸರ್ಕಾರದ ಮೇಲಿನ ಅಪನಂಬಿಕೆ ಯಾವುದೋ ಒಂದು ಸಮುದಾಯದ ಸ್ವಭಾವ ಎಂದು ಹೇಳುವವರಿಗೆ ನಾನು ಈ ಎರಡನ್ನೂ ಜೊತೆಗಿಟ್ಟು ತೋರಿಸುತ್ತೇನೆ.

ಆದರೆ ಅದೇ ರಾಮನಗರ ಜಿಲ್ಲೆಯ ಚನ್ನಪಟ್ಟಣ ತಾಲ್ಲೂಕಿನ ಹೊಂಗನೂರಿನಂಥ ಊರಿನಲ್ಲಿ ಆರೋಗ್ಯ ಇಲಾಖೆ ಎಂದರೆ ಜನರಿಗೆ ಮೊದಲು ನೆನಪಾಗುವ ಮುಖ ಆಶಾ ಕಾರ್ಯಕರ್ತೆಯದು. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾದಾಗ ಇಟ್ಟ ನಿಯಮ ಸರಳ: ಸುಮಾರು 1000 ಜನಸಂಖ್ಯೆಗೆ ಒಬ್ಬರು. ಆಕೆ ಅದೇ ಊರಿನಲ್ಲಿ ವಾಸವಿರಬೇಕು. ಮದುವೆಯಾದವರು, ವಿಧವೆಯರು, ವಿಚ್ಛೇದಿತರಿಗೆ ಆದ್ಯತೆ. ವಯಸ್ಸು 25ರಿಂದ 45ರೊಳಗೆ. ಮದುವೆಯಾಗಿ ಬೇರೆ ಊರಿಗೆ ಹೋಗುವ ಹುಡುಗಿಯ ಬದಲು ಸೊಸೆಯಾಗಿ ಬಂದು ಅಲ್ಲೇ ಬೇರುಬಿಟ್ಟವಳನ್ನು ಆರಿಸಿಕೊಂಡ ಈ ನಿಯಮದ ಹಿಂದೆ ಹಳ್ಳಿಯನ್ನು ಬಲ್ಲವರ ಬುದ್ಧಿ ಇದೆ. ಯಾವ ಮನೆಯ ಸೊಸೆ ಮೂರು ತಿಂಗಳಾದರೂ ಬಸುರಿಯೆಂದು ಬಾಯಿಬಿಟ್ಟಿಲ್ಲ, ಯಾರು ಕ್ಷಯದ ಮಾತ್ರೆಯನ್ನು ಅರ್ಧಕ್ಕೇ ಬಿಟ್ಟಿದ್ದಾರೆ ಎಂಬುದು ಆಕೆಗೆ ಗೊತ್ತು. ತಾಯಿ ಕಾರ್ಡ್ ಮಾಡಿಸುವುದು, ಹೆರಿಗೆಗೆ ಜೊತೆಯಲ್ಲಿ ಹೋಗುವುದು ಆಕೆಯೇ. ಚುಚ್ಚುಮದ್ದು ಹಾಕಿಸಿದ ರಾತ್ರಿ ಕೂಸಿಗೆ ಜ್ವರ ಬಂದರೆ ತಾಯಿ ಬಡಿಯುವುದೂ ಆಕೆಯ ಬಾಗಿಲನ್ನೇ. ಜ್ವರ ಬಂದರೆ ಯಾರನ್ನು ಹೋಗಿ ಕೇಳಬೇಕು ಎಂಬುದು ಗೊತ್ತಿದ್ದರೆ ಲಸಿಕೆಯ ಮೇಲಿನ ಅರ್ಧ ಭಯ ಅಲ್ಲಿಗೇ ಇಳಿಯುತ್ತದೆ.

ಈ ಸೀಮೆಗೆ ಸಾರ್ವಜನಿಕ ಆರೋಗ್ಯ ಹೊಸದೇನಲ್ಲ. ರಾಮನಗರ ಇನ್ನೂ ಕ್ಲೋಸ್‌ಪೇಟೆ ಆಗಿದ್ದ 1930ರ ದಶಕದಲ್ಲೇ ಮೈಸೂರು ಸರ್ಕಾರ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಅಲ್ಲಿ ಗ್ರಾಮೀಣ ಆರೋಗ್ಯ ತರಬೇತಿ ಕೇಂದ್ರ ತೆರೆದಿತ್ತು. ಆದರೆ ದಶಕಗಳ ಕಾಲ ಊರಿನವರು ಕೇಳಿಸಿಕೊಳ್ಳುವವರಾಗಿದ್ದರು, ಹೇಳುವವರು ಹೊರಗಿನಿಂದ ಬರುತ್ತಿದ್ದರು. ಅದನ್ನು ತಿರುಗುಮುರುಗು ಮಾಡಿದ್ದು ಆಶಾ ಯೋಜನೆ.

ಊರಿನವಳಾದರೆ ಸಾಕೆ ಎಂಬ ಪ್ರಶ್ನೆ ಇಲ್ಲಿಂದ ಶುರು. ಊರೆಂದರೆ ಒಂದೇ ಕೇರಿಯಲ್ಲ. ಚನ್ನಪಟ್ಟಣದಲ್ಲಿ ಅರಗಿನ ಬಣ್ಣದ ಬೊಂಬೆ ತಿರುವುವ, ರೇಷ್ಮೆ ನೂಲು ಬಿಚ್ಚುವ ಕೈಗಳಲ್ಲಿ ದಖನಿ ಉರ್ದು ಮಾತಾಡುವ ಮನೆಗಳವರೂ ಬಹಳ. ಹೊಲಗಳ ಕಡೆಗೆ ಹೋದರೆ ಒಕ್ಕಲಿಗರ ಬೀದಿ ಬೇರೆ, ದಲಿತರ ಕೇರಿ ಬೇರೆ. ಒಂದು ಬೀದಿಯ ಆಶಾ ಇನ್ನೊಂದು ಬೀದಿಯ ನಡುಮನೆಗೆ ಹೋಗಿ ಕೂರುತ್ತಾಳೆಯೇ, ಕೊಟ್ಟ ನೀರು ಕುಡಿಯುತ್ತಾಳೆಯೇ? ಇಂಥ ಸಣ್ಣ ವಿಷಯಗಳಲ್ಲೇ ಸರ್ಕಾರ ತಮ್ಮದೋ ಬೇರೆಯವರದೋ ಎಂದು ಜನ ಅಳೆದುಬಿಡುತ್ತಾರೆ. 2020ರ ಏಪ್ರಿಲ್ ಮೊದಲ ವಾರದಲ್ಲಿ ಬೆಂಗಳೂರಿನ ಬಡಾವಣೆಯೊಂದರಲ್ಲಿ ಸಮೀಕ್ಷೆಗೆ ಹೋದ ಆಶಾ ಕಾರ್ಯಕರ್ತೆಯರ ಮೇಲೆ ಹಲ್ಲೆಯಾಯಿತು. ಪೌರತ್ವ ನೋಂದಣಿಯ ಭಯ ದೇಶದಲ್ಲೆಲ್ಲ ಹರಡಿದ್ದ ಕಾಲ ಅದು. ಹೆಸರೇನು, ವಯಸ್ಸೆಷ್ಟು, ಮನೆಯಲ್ಲಿ ಎಷ್ಟು ಜನ ಎಂದು ಕೇಳುವ ಪುಸ್ತಕ ಯಾವ ಇಲಾಖೆಯದು ಎಂಬುದು ಹೆದರಿದವರಿಗೆ ಕಾಣುವುದಿಲ್ಲ. ಪೆಟ್ಟು ಮಾತ್ರ ಪುಸ್ತಕ ಹಿಡಿದ ಬಡ ಹೆಂಗಸಿಗೆ ಬೀಳುತ್ತದೆ.

ಎದುರಿಗಿರುವವರು ತಮ್ಮವರಾದರೆ ಈ ಭಯ ಇಳಿಯುತ್ತದೆಯೇ? ಅಮೆರಿಕದ ಓಕ್‌ಲೆಂಡ್ ನಗರದಲ್ಲಿ ಮಾರ್ಸೆಲ್ಲಾ ಆಲ್ಸನ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಅಲ್ಲಿನ ಕಪ್ಪು ಜನರಿಗೆ ಆಸ್ಪತ್ರೆಗಳ ಮೇಲಿನ ಅನುಮಾನಕ್ಕೆ ಕಾರಣವಿದೆ. 1932ರಿಂದ 1972ರವರೆಗೆ ಟಸ್ಕೀಗಿಯಲ್ಲಿ ಸರ್ಕಾರದ ವೈದ್ಯರೇ ಸಿಫಿಲಿಸ್ ಇದ್ದ ನೂರಾರು ಕಪ್ಪು ಗಂಡಸರಿಗೆ ಚಿಕಿತ್ಸೆ ಕೊಡದೆ ರೋಗ ಬೆಳೆಯುವುದನ್ನು ನೋಡುತ್ತ ಕೂತಿದ್ದರು. ಓಕ್‌ಲೆಂಡಿನಲ್ಲಿ ಮೊದಲು ವೈದ್ಯರ ಫೋಟೊ ತೋರಿಸಿ, ಯಾವ ಯಾವ ತಪಾಸಣೆ ಬೇಕು ಎಂದು ಕೇಳಿದರು. ವೈದ್ಯರು ಕಪ್ಪು ವರ್ಣದವರೋ ಅಲ್ಲವೋ ಎಂಬುದರಿಂದ ಉತ್ತರದಲ್ಲಿ ಹೆಚ್ಚೇನೂ ವ್ಯತ್ಯಾಸ ಕಾಣಲಿಲ್ಲ. ಆಮೇಲೆ ವೈದ್ಯರೊಡನೆ ಎದುರುಬದುರು ಕೂತು ಮಾತಾಡಿದಾಗ, ಕಪ್ಪು ವೈದ್ಯರ ಮುಂದೆ ಕೂತವರು ರಕ್ತ ಕೊಡಬೇಕಾದ ಪರೀಕ್ಷೆಗಳಿಗೂ ಹೆಚ್ಚಾಗಿ ಒಪ್ಪಿಕೊಂಡರು. ನನಗೆ ಈ ಅಧ್ಯಯನದಲ್ಲಿ ಮುಖ್ಯ ಅನಿಸುವುದು ಇದೇ. ಫೋಟೊ ಕೆಲಸ ಮಾಡಲಿಲ್ಲ, ಮಾತು ಮಾಡಿತು. ಸರ್ಕಾರಿ ಫಲಕಗಳಲ್ಲಿ ಎಲ್ಲ ಜಾತಿ ಧರ್ಮಗಳ ನಗುಮುಖ ಅಚ್ಚು ಹಾಕಿಸಿದ ಮಾತ್ರಕ್ಕೆ ಪ್ರಾತಿನಿಧ್ಯವಾಯಿತು ಎಂದುಕೊಳ್ಳುವವರು ಇದನ್ನು ಗಮನಿಸಬೇಕು.

ನಮ್ಮಲ್ಲಿ ಈ ಚರ್ಚೆಗೆ ನೂರು ವರ್ಷ ದಾಟಿದೆ. ಸರ್ಕಾರಿ ಹುದ್ದೆಗಳಲ್ಲಿ ಒಂದೇ ಸಮುದಾಯದವರು ತುಂಬಿದ್ದಾರೆಂಬ ದೂರಿಗೆ ಕಿವಿಗೊಟ್ಟು ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯ ಸಮಿತಿ ನೇಮಿಸಿದರು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧದಷ್ಟು, ಕೆಳಗಿನ ಹುದ್ದೆಗಳಲ್ಲಿ ಮೂರನೇ ಎರಡರಷ್ಟು ಹಿಂದುಳಿದ ಸಮುದಾಯಗಳಿಗೆ ಸಿಗಬೇಕೆಂದು ಅದು ಹೇಳಿತು.

ಕಚೇರಿಯಿಂದ ಈ ಮಾತನ್ನು ಊರಿನ ಕಟ್ಟೆಗೆ ಇಳಿಸಿದವರು ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್. ಹಳ್ಳಿಹಳ್ಳಿಗೆ ಕೊಳವೆ ಬಾವಿ ಕೊರೆಸಿ ‘ನೀರ್ ಸಾಬ್’ ಎನಿಸಿಕೊಂಡ ಅವರು ತಂದ 1983ರ ಕಾಯ್ದೆಯಡಿ 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಯಿತು. ನಾಲ್ಕನೇ ಒಂದು ಭಾಗ ಸ್ಥಾನ ಹೆಂಗಸರಿಗೆ ಮೀಸಲಾಗಿತ್ತು. ದೇಶದ ಪಂಚಾಯಿತಿಗಳಲ್ಲಿ ಹೆಂಗಸರಿಗೆ ಮೀಸಲಾತಿ ತಂದ ಸಂವಿಧಾನದ 73ನೇ ತಿದ್ದುಪಡಿಗೂ ಮೊದಲಿನ ಮಾತು ಇದು. ಚುನಾಯಿತ ಸದಸ್ಯರ ಕಣ್ಣು ಬಿದ್ದ ಮೇಲೆ ಶಾಲೆ, ಆಸ್ಪತ್ರೆಗಳಿಗೆ ಸಿಬ್ಬಂದಿ ಸರಿಯಾಗಿ ಬರತೊಡಗಿದರು ಎಂದು ಆಗಿನ ಮೌಲ್ಯಮಾಪನ ಸಮಿತಿ ದಾಖಲಿಸಿತು. 2010ರಲ್ಲಿ ಹೆಂಗಸರ ಪಾಲು ಅರ್ಧಕ್ಕೆ ಏರಿತು. ಗಂಡಂದಿರೇ ಆಡಳಿತ ನಡೆಸುತ್ತಾರೆ ಎಂಬ ಆಕ್ಷೇಪ ಅಂದೂ ಇತ್ತು, ಇಂದೂ ಇದೆ. ಹಲವು ಕಡೆ ಅದು ನಿಜವೂ ಹೌದು. ಆದರೂ ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೊ ಪಶ್ಚಿಮ ಬಂಗಾಳ, ರಾಜಸ್ಥಾನಗಳಲ್ಲಿ ನೋಡಿದಾಗ, ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲಾದ ಪಂಚಾಯಿತಿಗಳಲ್ಲಿ ಕುಡಿಯುವ ನೀರಿಗೆ ಹೆಚ್ಚು ಹಣ ಹೋಗಿತ್ತು. ಆ ಊರುಗಳ ಹೆಂಗಸರು ಕೇಳುತ್ತಿದ್ದುದೂ ನೀರನ್ನೇ.

ಆರೋಗ್ಯದ ಕೆಲಸದಲ್ಲೂ ಇದಕ್ಕೆ ಉದಾಹರಣೆ ಇದೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸೋಲಿಗರ ನಡುವೆ ಕೆಲಸ ಮಾಡುತ್ತ, ಬುಡಕಟ್ಟಿನ ಹೆಣ್ಣುಮಕ್ಕಳಿಗೇ ದಾದಿ ತರಬೇತಿ ಕೊಟ್ಟಿತು. ಆ ಹುಡುಗಿಯರು ಹಾಡಿಗಳಿಗೆ ಬರಿಯ ಸಂದೇಶ ಒಯ್ಯುವವರಾಗಿ ಹೋಗಲಿಲ್ಲ, ತರಬೇತಿ ಪಡೆದ ದಾದಿಯರಾಗಿ ಹೋದರು.

ಹಾಗಾದರೆ ಹೊಂಗನೂರಿನ ಆಶಾ ಅಕ್ಕ? ಸರ್ಕಾರದ ಪರವಾಗಿ ಮನೆಮನೆಯ ಬೈಗುಳ ತಿನ್ನುವ ಆಕೆ ಸರ್ಕಾರಿ ನೌಕರಳಲ್ಲ. ಕೆಲಸಕ್ಕೆ ತಕ್ಕ ಪ್ರೋತ್ಸಾಹಧನ, ಮೇಲೊಂದು ಗೌರವಧನ. ಆ ಹಣ ಹೆಚ್ಚಿಸಿ ಎಂದು 2025ರ ಜನವರಿಯ ಚಳಿಯಲ್ಲಿ ಸಾವಿರಾರು ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲೂ ರಾತ್ರಿ ಕೂತರು. ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಪಡೆದು ಎದ್ದರು, ಆಗಸ್ಟ್‌ನಲ್ಲಿ ಮತ್ತೆ ಧರಣಿ ಕೂರಬೇಕಾಯಿತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇವರನ್ನೇ ಜಾಗತಿಕ ಆರೋಗ್ಯ ನಾಯಕರೆಂದು ಗೌರವಿಸಿತ್ತು. ಊರು ಆಕೆಯ ಮೇಲಿಟ್ಟ ನಂಬಿಕೆಯನ್ನು ಇಲಾಖೆ ಇಪ್ಪತ್ತು ವರ್ಷಗಳಿಂದ ಸಾಲ ಪಡೆಯುತ್ತಿದೆ. ಆಸ್ಪತ್ರೆಯಲ್ಲಿ ಔಷಧ ಇಲ್ಲದಿದ್ದರೆ, ವೈದ್ಯರು ಬಾರದಿದ್ದರೆ, ಕರೆದುಕೊಂಡು ಹೋದ ಆಕೆಯ ಮಾತೇ ಊರಿನಲ್ಲಿ ಸುಳ್ಳಾಗುತ್ತದೆ. ಅದನ್ನು ಸರಿಪಡಿಸುವ ಅಧಿಕಾರ ಆಕೆಗಿಲ್ಲ.

ಅಧಿಕಾರ ಇರಬೇಕಾದವರ ಕುರ್ಚಿಗಳೂ ಖಾಲಿ ಬಿದ್ದವು. ರಾಜ್ಯದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆದದ್ದು. 2021ರಲ್ಲಿ ಅವಧಿ ಮುಗಿದ ಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ, ನ್ಯಾಯಾಲಯ ಎಂದು ವರ್ಷಗಳೇ ಸರಿದವು. ಈ ನಡುವೆ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೊಸ ಹೆಸರು ಬಂತು. ಹೆಸರಿಗೆ ತೋರಿದ ಅವಸರವನ್ನು ಚುನಾವಣೆಗೂ ತೋರಬಾರದಿತ್ತೆ?

ಮಾಡಬಹುದಾದ ಕೆಲಸಕ್ಕೆ ಹೊಸ ಕಾನೂನೇನೂ ಬೇಕಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಆರೋಗ್ಯ ರಕ್ಷಾ ಸಮಿತಿ ಇದೆ. ಊರಿಗೆ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿ ಇದೆ, ಅದಕ್ಕೆ ವರ್ಷಕ್ಕೆ 10,000 ರೂಪಾಯಿಯ ಮುಕ್ತ ನಿಧಿ ಇದೆ. ಆ ಸಮಿತಿಗಳಲ್ಲಿ ದಲಿತರ ಕೇರಿಯ ಬಾಣಂತಿ, ದಖನಿ ಮಾತಾಡುವ ರೇಷ್ಮೆ ಕಾರ್ಮಿಕೆ, ಊರಿನ ಆಶಾ ಕೂರಲಿ. ಔಷಧದ ದಾಸ್ತಾನು ಪುಸ್ತಕ, ಸಿಬ್ಬಂದಿಯ ಹಾಜರಿ ಪುಸ್ತಕಗಳನ್ನು ತೆರೆದು ನೋಡುವ, ನಡಾವಳಿಯನ್ನು ಗ್ರಾಮಸಭೆಯಲ್ಲಿ ಓದಿಸುವ ಹಕ್ಕು ಅವರಿಗಿರಲಿ. ಜಿಲ್ಲಾ ಪಂಚಾಯಿತಿ ಚುನಾವಣೆಗೆ ಮತ ಕೇಳಿಕೊಂಡು ಹೊಂಗನೂರಿಗೆ ಬರುವವರನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳಬೇಕು: ನೀವು ಗೆದ್ದರೆ ನಮ್ಮ ಆಸ್ಪತ್ರೆಯ ಸಮಿತಿಯಲ್ಲಿ ಯಾರು ಯಾರು ಕೂರುತ್ತಾರೆ, ಅವರ ಹೆಸರು ಹೇಳಿ.