ವಿವಾದಿತ ಬೆರಳಚ್ಚು ದಾಖಲೆಗಳ ನೈಜತೆಯ ಪರಿಶೀಲನೆ

ಹಳೆಯ ಭೂ ಮಂಜೂರಾತಿ ಆದೇಶದಂತಹ ಬೆರಳಚ್ಚು ಪತ್ರವು ವಿವಾದಕ್ಕೊಳಗಾದಾಗ, ಜಮೀನಿನ ಹಕ್ಕೇ ಅದರ ನೈಜತೆಯನ್ನು ಅವಲಂಬಿಸಿರಬಹುದು. ಒಂದೇ ಮಾದರಿಯ ಬೆರಳಚ್ಚು ಯಂತ್ರಗಳ ಅಕ್ಷರಗಳು ಹೊಸತರಲ್ಲಿ ಒಂದೇ ತೆರನಾಗಿದ್ದರೂ, ಬಳಕೆಯಿಂದ ಅಚ್ಚುಗಳು ಸವೆದು, ಮುಕ್ಕಾಗಿ, ಓರೆಯಾಗಿ ಪ್ರತಿ ಯಂತ್ರಕ್ಕೂ ತನ್ನದೇ ಆದ ಲಕ್ಷಣ ಪ್ರಾಪ್ತವಾಗುತ್ತದೆ. ಈ ಸವೆತವು ಕಾಲಕ್ರಮೇಣ ಹೆಚ್ಚುವುದರಿಂದ, ಅದೇ ಕಚೇರಿಯ ಅದೇ ಅವಧಿಯ ನಿರ್ವಿವಾದ ಪತ್ರಗಳೊಡನೆ ಹೋಲಿಸಿದಲ್ಲಿ, ಹಿಂದಿನ ದಿನಾಂಕ ನಮೂದಿಸಿ ಸೃಷ್ಟಿಸಿದ ಪತ್ರವು ಪತ್ತೆಯಾಗಬಹುದಾಗಿದೆ. ಆದರೆ ಯಂತ್ರವನ್ನು ಗುರುತಿಸಿದ ಮಾತ್ರಕ್ಕೆ ಬೆರಳಚ್ಚು ಮಾಡಿದವರು ಯಾರೆಂಬುದು ರುಜುವಾತಾಗುವುದಿಲ್ಲ.

ಇಂತಹ ವಿಷಯದಲ್ಲಿ ತಜ್ಞರ ಅಭಿಪ್ರಾಯವನ್ನು ಸಾಕ್ಷ್ಯವಾಗಿ ಪರಿಗಣಿಸಬಹುದೆಂದು ಸರ್ವೋಚ್ಚ ನ್ಯಾಯಾಲಯವು, ತನ್ನ 1952ರ ನಿಲುವಿಗೆ ವ್ಯತಿರಿಕ್ತವಾಗಿ, 1996ರಲ್ಲಿ ತೀರ್ಪಿತ್ತಿದೆ.

ಜೆರಾಕ್ಸ್ ಪ್ರತಿಯಲ್ಲಿ ಅಕ್ಷರದ ಒತ್ತಿನ ಆಳವಾಗಲಿ, ಶಾಯಿಯ ಗುಣವಾಗಲಿ ಉಳಿಯುವುದಿಲ್ಲ. ಆದುದರಿಂದ ಅರ್ಜಿದಾರರು ಮೂಲ ಪತ್ರವನ್ನು ಲ್ಯಾಮಿನೇಷನ್ ಮಾಡಿಸದೆ, ತಿದ್ದದೆ, ಇದ್ದಂತೆಯೇ ಹಾಜರುಪಡಿಸುವುದು ಸೂಕ್ತ.