ಕುದುರೆ ಕುಂಟಿದರೆ ಏನು ಮಾಡಬೇಕು?

ಮೈಸೂರು ಅರಮನೆ ನೋಡಿದ್ದೀರಾ? ಅದರ ಸುತ್ತ ಇಂದಿಗೂ ಟಾಂಗಾ ಓಡುತ್ತವೆ. ಜಟಕಾ ಅಂತಲೂ ಕರೀತೀವಿ. ಒಂದು ಕುದುರೆ, ಒಂದು ಗಾಡಿ, ಅದನ್ನು ನಂಬಿದ ಒಂದು ಸಂಸಾರ. ಗಾಡಿ ಓಡಿಸೋದು ಗಂಡ. ಹುಲ್ಲು ಹಾಕೋದು, ನೀರು ಇಡೋದು, ಲದ್ದಿ ಬಾಚೋದು ಹೆಂಡತಿ. ಕುದುರೆಗೆ ಏನಾದರೂ ಆದರೆ ಮೊದಲು ಗೊತ್ತಾಗೋದು ಅವಳಿಗೇ.

ಅಂಥ ಒಂದು ಮನೆ ಅಂದುಕೊಳ್ಳಿ. ಬೆಳಗ್ಗೆ ಎದ್ದು ನೋಡ್ತಾಳೆ, ಕುದುರೆ ಮೂರು ಕಾಲಿನ ಮೇಲೆ ನಿಂತಿದೆ. ಮುಂದಿನ ಎಡಗಾಲು ನೆಲಕ್ಕೆ ಊರುತ್ತಿಲ್ಲ. ಮೇವು ಮುಟ್ಟಿಲ್ಲ. ಗಾಡಿ ಕಟ್ಟದಿದ್ದರೆ ಅವತ್ತಿನ ಸಂಪಾದನೆ ಇಲ್ಲ.

ಸುದ್ದಿ ಕೇಳಿ ಓಣಿಯವರು ಬಂದರು. ಒಬ್ಬರು, "ಭುಜಕ್ಕೆ ಬರೆ ಹಾಕಿ" ಅಂದರು. ಇನ್ನೊಬ್ಬರು, "ಎಣ್ಣೆ ಹಚ್ಚಿ ನೀವಿ" ಅಂದರು. ಮತ್ತೊಬ್ಬರು, "ಯಾರದೋ ಕಣ್ಣು ಬಿದ್ದಿದೆ, ತಾಯತ ಕಟ್ಟಿ" ಅಂದರು. ಯಾರ ಮಾತು ಕೇಳೋದು?

ನಾಟಿ ಔಷಧ ಎಲ್ಲವೂ ಸುಳ್ಳಲ್ಲ. ನಮ್ಮ ದೇಶದಲ್ಲಿ ಕುದುರೆ ವೈದ್ಯ ಬಹಳ ಹಳೆಯದು. ಶಾಲಿಹೋತ್ರ ಎಂಬ ಋಷಿಯ ಹೆಸರಿನಲ್ಲಿ ಅದಕ್ಕೆ ಗ್ರಂಥವೇ ಇದೆ. ಅಭಿನವಚಂದ್ರ ಎಂಬ ಕವಿ ನೂರಾರು ವರ್ಷಗಳ ಹಿಂದೆ ಕನ್ನಡದಲ್ಲೇ 'ಅಶ್ವವೈದ್ಯ' ಬರೆದ. ಆದರೆ ಯಾವ ಔಷಧವೇ ಆಗಲಿ, ನೋವು ಎಲ್ಲಿದೆ ಅಂತ ತಿಳಿದ ಮೇಲೆ ತಾನೇ ಹಚ್ಚಬೇಕು?

ಕುಂಟುವ ಕುದುರೆಯ ಭುಜ ನೋಡುವ ಮೊದಲು ಗೊರಸು ನೋಡಿ. ಇದ್ದಕ್ಕಿದ್ದಂತೆ ಜೋರಾಗಿ ಕುಂಟಿದರೆ ಬಹಳ ಸಲ ನೋವು ಅಲ್ಲೇ ಇರುತ್ತದೆ. ಕಲ್ಲು ಸಿಕ್ಕಿರಬಹುದು. ಮೊಳೆ ಚುಚ್ಚಿರಬಹುದು. ಲಾಳದ ಮೊಳೆ ಒಳಗಿನ ಮಾಂಸಕ್ಕೆ ತಾಗಿರಬಹುದು. ಒಳಗೆ ಕೀವು ಕಟ್ಟಿರಬಹುದು.

ಯಾವ ಕಾಲು ಅಂತ ಗೊತ್ತಾಗದಿದ್ದರೆ ನಾಲ್ಕು ಹೆಜ್ಜೆ ನಡೆಸಿ, ತಲೆ ನೋಡಿ. ಮುಂಗಾಲಿನಲ್ಲಿ ನೋವಿದ್ದರೆ, ಆ ಕಾಲು ಊರಿದಾಗ ಕುದುರೆ ತಲೆ ಎತ್ತುತ್ತದೆ. ಒಳ್ಳೆ ಕಾಲು ಊರಿದಾಗ ತಲೆ ತಗ್ಗಿಸುತ್ತದೆ. ಆಮೇಲೆ ಪಕ್ಕದಲ್ಲಿ ನಿಂತು ಕಾಲು ಎತ್ತಿ. ಹಿಂದೆ ನಿಲ್ಲಬೇಡಿ, ಒದ್ದೀತು. ಗೊರಸನ್ನು ತೊಳೆಯಿರಿ. ಅಂಗೈಯ ಹಿಂಭಾಗದಿಂದ ಎರಡೂ ಗೊರಸು ಮುಟ್ಟಿ ನೋಡಿ. ಜ್ವರ ಬಂದ ಮಗುವಿನ ಹಣೆ ಮುಟ್ಟುತ್ತೀವಲ್ಲ, ಹಾಗೆ. ಒಂದು ಬಿಸಿ, ಒಂದು ತಣ್ಣಗೆ ಇದ್ದರೆ ಬಿಸಿ ಇರುವ ಕಡೆ ತೊಂದರೆ ಇದೆ.

ಕೀವು ಕಟ್ಟಿದ್ದರೆ ಮನೆ ಔಷಧ ಸಹಾಯ ಮಾಡುತ್ತದೆ. ಬಕೆಟ್‌ನಲ್ಲಿ ಕೈ ತಾಳುವಷ್ಟು ಬಿಸಿನೀರು ತಗೊಳ್ಳಿ. ಒಂದೆರಡು ಹಿಡಿ ಕಲ್ಲುಪ್ಪು ಹಾಕಿ. ದಿನಕ್ಕೆ ಎರಡು ಸಲ, ಕಾಲು ಗಂಟೆ ಗೊರಸು ಅದರಲ್ಲಿ ಇಡಿಸಿ. ಆಮೇಲೆ ಬೆಚ್ಚಗಿನ ಗೋಧಿ ಬೂಸಕ್ಕೆ ಉಪ್ಪು ಕಲಸಿ, ಬಟ್ಟೆಯಲ್ಲಿ ಗೊರಸಿಗೆ ಕಟ್ಟಿ. ಗೊರಸು ಮೆತ್ತಗಾಗಿ ಕೀವು ಹೊರಗೆ ಬರಲು ಅನುಕೂಲ. ಆದರೂ ದಾರಿ ಬಿಡಿಸಿ ಕೀವು ತೆಗೆಯಬೇಕಾದವರು ಪಶುವೈದ್ಯರೇ. ಚಾಕು ತಗೊಂಡು ನಾವೇ ಕೆರೆಯಬಾರದು. ಸಿಹಿ ಗುಳಿಗೆ, ಸೂಜಿ ಚಿಕಿತ್ಸೆ ಏನೇ ಮಾಡಿದರೂ, ಒಳಗೆ ನಿಂತ ಕೀವು ಹೊರಗೆ ಬಾರದೆ ನೋವು ಬಿಡುವುದಿಲ್ಲ.

ಮೇಲಿನ ಸಣ್ಣ ತರಚು ಗಾಯಕ್ಕೆ ಉಪ್ಪುನೀರಿನಲ್ಲಿ ತೊಳೆದು ಅರಿಶಿನ ಹಚ್ಚಬಹುದು. ಬೇವಿನ ಎಣ್ಣೆ ನೊಣ ಕೂರದಂತೆ ಕಾಯುತ್ತದೆ. ಗಾಡಿಯ ಹಳೆ ಆಯಿಲ್, ಸೀಮೆಎಣ್ಣೆ, ಬ್ಯಾಟರಿ ನೀರು ಬೇಡವೇ ಬೇಡ. ಅವು ಗಾಯವನ್ನು ಸುಡುತ್ತವೆ.

ಇನ್ನು ಬರೆ ವಿಚಾರ. "ನಮ್ಮ ತಾತ ಬರೆ ಹಾಕಿದರು, ಕುಂಟು ವಾಸಿ ಆಯ್ತು" ಅಂತಾರೆ. ಇರಬಹುದು. ಆದರೆ ಬರೆ ಹಾಕಿದ ಮೇಲೆ ಏನು ಮಾಡ್ತಿದ್ದರು? ಹದಿನೈದು ದಿನ ಗಾಡಿ ಕಟ್ಟುತ್ತಿರಲಿಲ್ಲ. ಉಳುಕಿದ ಕಾಲು ವಾಸಿ ಆಗಿದ್ದು ಆ ವಿಶ್ರಾಂತಿಯಿಂದ. ಹೆಸರು ಬಂದಿದ್ದು ಬರೆಗೆ! ಕುದುರೆಗೆ ಸಿಕ್ಕಿದ್ದು ಇನ್ನೊಂದು ಗಾಯ.

ಬಳಲಿದೆ ಅಂತ ಒಂದು ಸೇರು ಹುರುಳಿ, ಬೆಲ್ಲ ಹೆಚ್ಚಿಗೆ ಹಾಕೋರು ಇದ್ದಾರೆ. ಪ್ರೀತಿಯಿಂದಲೇ ಹಾಕ್ತಾರೆ, ಪಾಪ. ಆದರೆ ಕಾಳು ಅತಿಯಾದರೆ ಗೊರಸಿನ ಒಳಗೆ ಉರಿಯೂತ ಬರುತ್ತದೆ. ಆಗ ಎರಡೂ ಮುಂಗೊರಸು ಬಿಸಿ ಆಗ್ತವೆ. ಕುದುರೆ ಮುಂಗಾಲು ಮುಂದೆ ಚಾಚಿ, ಮೈಭಾರ ಹಿಂದಕ್ಕೆ ಹಾಕಿ ನಿಲ್ಲುತ್ತದೆ. ಇದಕ್ಕೆ ಬಿಸಿನೀರಲ್ಲ, ತಣ್ಣೀರು ಬೇಕು. ಕಾಳು ನಿಲ್ಲಿಸಿ. ನಡೆಸಬೇಡಿ. ಕೂಡಲೇ ಡಾಕ್ಟರನ್ನು ಕರೆಯಿರಿ.

ಮೊಳೆ ಚುಚ್ಚಿದ್ದರೆ ಇನ್ನೊಂದು ಭಯ ಇದೆ. ಧನುರ್ವಾಯು. ನೀವು ಬಸುರಿ ಇದ್ದಾಗ ಸಿಸ್ಟರ್ ಅದಕ್ಕೇ ಇಂಜೆಕ್ಷನ್ ಕೊಟ್ಟಿದ್ದು, ನೆನಪಿದೆಯಾ? ಕುದುರೆಗೆ ಈ ರೋಗ ದನಕ್ಕಿಂತ ಬೇಗ ತಗಲುತ್ತದೆ. ಕಾಲು ಮರದ ಕೊರಡಿನಂತೆ ಸೆಟೆಯುತ್ತವೆ. ದವಡೆ ಕಚ್ಚಿಕೊಳ್ಳುತ್ತದೆ. ಆ ಹಂತಕ್ಕೆ ಬಂದರೆ ಉಳಿಸೋದು ಕಷ್ಟ. ಅರಿಶಿನ ಇದನ್ನು ತಡೆಯಲಾರದು. ಮೊಳೆ ಚುಚ್ಚಿದ ದಿನವೇ ಚುಚ್ಚುಮದ್ದು ಕೇಳಿ.

ಮೇವು ಬಿಟ್ಟಿದೆ ಅಂದೆನಲ್ಲ, ಅದನ್ನೂ ನೋಡಬೇಕು. ಕುದುರೆಯ ಮೈಶಾಖ ಸಾಮಾನ್ಯವಾಗಿ 99ರಿಂದ 101.5 ಡಿಗ್ರಿ ಇರುತ್ತದೆ. 102 ದಾಟಿದರೆ ಜ್ವರ. ತಿರುಗಿ ತಿರುಗಿ ಹೊಟ್ಟೆ ನೋಡಿಕೊಂಡರೆ, ನೆಲಕ್ಕೆ ಬಿದ್ದು ಹೊರಳಾಡಿದರೆ ಅದು ಹೊಟ್ಟೆಶೂಲೆ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಅದಕ್ಕೇ ಹೊಟ್ಟೆಶೂಲೆ ಪ್ರಾಣಕ್ಕೆ ಬರುತ್ತದೆ. ಓಮದ ಕಷಾಯ ಅಂತ ಬಾಯಿಗೋ ಮೂಗಿಗೋ ಗೊಟ್ಟದಿಂದ ಹುಯ್ಯಬೇಡಿ. ಶ್ವಾಸಕೋಶಕ್ಕೆ ಇಳಿದರೆ ಅದೇ ಕೊಲ್ಲುತ್ತದೆ. ಪಶು ಆಸ್ಪತ್ರೆ ದೂರ ಇದ್ದರೆ 1962ಕ್ಕೆ ಫೋನ್ ಮಾಡಿ. ಇದು ಪಶು ಚಿಕಿತ್ಸೆಯ ಸಹಾಯವಾಣಿ.

ಆ ಮನೆಗೆ ವಾಪಸ್ ಬರೋಣ. ಅವಳು ಬರೆ ಹಾಕಲು ಬಿಡಲಿಲ್ಲ. ತಾಯತ ಕಟ್ಟಿಸಿಕೊಂಡಳು, ಅತ್ತೆಯ ಮನಸ್ಸಿಗೆ ಸಮಾಧಾನ ಆಗಲಿ ಅಂತ. ಗಂಡ ಫೋನ್ ಮಾಡಿದ. ಡಾಕ್ಟರು ಬರುವತನಕ ಅವಳು ಗೊರಸನ್ನು ಉಪ್ಪುನೀರಿನಲ್ಲಿ ಇಟ್ಟಳು. ಬಳಪ ತಗೊಂಡು ಲಾಯದ ಗೋಡೆ ಮೇಲೆ ಬರೆದಳು: "ಮುಂದಿನ ಎಡಗಾಲು. ಬಿಸಿ. ಲಾಳ ಕಟ್ಟಿಸಿ 4 ದಿನ. ನೀರು ಅರ್ಧ ಬಕೆಟ್. ಲದ್ದಿ 2 ಸಲ."

ಡಾಕ್ಟರು ಗೋಡೆ ಓದಿದರು. ನೇರವಾಗಿ ಎಡಗಾಲು ಎತ್ತಿ ಲಾಳ ಬಿಚ್ಚಿದರು. ಒಂದು ಮೊಳೆಯ ತೂತಿನಿಂದ ಕಪ್ಪನೆ, ನಾರುವ ಕೀವು ಇಳಿಯಿತು. ಧನುರ್ವಾಯು ಇಂಜೆಕ್ಷನ್ ಹಾಕಿದರು. ಮಾರನೇ ದಿನ ಕುದುರೆ ಕಾಲು ಊರಿತು, ಹುಲ್ಲಿಗೆ ಬಾಯಿ ಹಾಕಿತು. ಗಾಡಿ ಕಟ್ಟಲು ಮಾತ್ರ ಇನ್ನೂ ಎರಡು ವಾರ ಕಾಯಬೇಕಾಯಿತು. ಆ ಎರಡು ವಾರದ ಅಕ್ಕಿ ಸಾಲದ ಅಕ್ಕಿ.